ಕಪ್ಪು ಎಷ್ಟು ಕಪ್ಪಗಿರಬೇಕು?

ಬೀದರ ಕೋಟೆಯಲ್ಲಿ ಮದುವೆಗೆ ಮುಂಚೆ ಫೋಟೊ ತೆಗೆಸಿಕೊಂಡ ಜೋಡಿಗಳ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿ. ಕೋಟೆಯ ಕಲ್ಲು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಆಕಾಶಕ್ಕೆ ಹಸಿರು ಕಲೆಸಿದ ನೀಲಿ. ಮಳೆಗಾಲದ ಹುಲ್ಲೂ ಒಣಗಿದ ಹಾಗೆ ಕಂದು. ಮುಖದ ಮೇಲೆ ಒಂದು ಗೆರೆ ಉಳಿದಿರುವುದಿಲ್ಲ. ಕೆಳಗೆ ಊರಿನ ಹೆಸರು ಬರೆಯದಿದ್ದರೆ ಅದು ಬೀದರೋ ಜೈಸಲ್ಮೇರೋ ಹೇಳುವುದು ಕಷ್ಟ. ತೆಗೆದವರು ಬೇರೆ ಬೇರೆ, ಕ್ಯಾಮೆರಾಗಳೂ ಬೇರೆ ಬೇರೆ. ಆದರೆ ಎಡಿಟಿಂಗ್ ಎಲ್ಲದರದ್ದೂ ಒಂದೇ.

ಇದು ಪ್ರಿಸೆಟ್ಟುಗಳ ಕೆಲಸ. ಯಾರೋ ಒಬ್ಬರು ಎಲ್ಲಿಯದೋ ಬೆಳಕಿನಲ್ಲಿ ತೆಗೆದ ತಮ್ಮ ಫೋಟೊಗೆ ಮಾಡಿಕೊಂಡ ತಿದ್ದುಪಡಿಗಳನ್ನು ಹಾಗೇ ಉಳಿಸಿಟ್ಟು ಮಾರುತ್ತಾರೆ. ಕೊಂಡವರು ಒಂದೇ ಒತ್ತಿಗೆ ಅವನ್ನು ತಮ್ಮ ಫೋಟೊಗೆ ಹಚ್ಚುತ್ತಾರೆ. ಕಿತ್ತಳೆ ಮತ್ತು ಹಸಿರುನೀಲಿಯ ಈ ಜೋಡಿಯನ್ನು ಹಾಲಿವುಡ್ ಸಿನಿಮಾಗಳು ಜನಪ್ರಿಯ ಮಾಡಿದವು. ಅದರ ಹಿಂದೆ ಒಂದು ಲೆಕ್ಕವಿದೆ. ಮನುಷ್ಯರ ಚರ್ಮ ಕಪ್ಪಿರಲಿ, ಬಿಳುಪಿರಲಿ, ಬಣ್ಣದ ಚಕ್ರದಲ್ಲಿ ಕಿತ್ತಳೆಯ ಆಸುಪಾಸಿನಲ್ಲೇ ಬರುತ್ತದೆ. ಚಕ್ರದಲ್ಲಿ ಅದಕ್ಕೆ ನೇರ ಎದುರಿಗಿರುವುದು ಹಸಿರುನೀಲಿ. ಹಿನ್ನೆಲೆಯನ್ನು ಆ ಕಡೆಗೆ ತಳ್ಳಿದರೆ ಮುಖ ಎದ್ದು ಕಾಣುತ್ತದೆ. ಸಮುದ್ರದ ಮುಂದೆಯೋ ಗಾಜಿನ ಕಟ್ಟಡದ ಮುಂದೆಯೋ ಈ ಉಪಾಯ ನಡೆಯುತ್ತದೆ. ಬೀದರಿನಲ್ಲಿ ಹಿನ್ನೆಲೆಯೇ ಕೆಂಪು ಕಲ್ಲು. ಕಲ್ಲೂ ಚರ್ಮವೂ ಒಂದೇ ಬಣ್ಣದ ಪಟ್ಟಿಯೊಳಗೆ ಬೀಳುವುದರಿಂದ ಎರಡೂ ಒಟ್ಟಿಗೆ ಕಿತ್ತಳೆಯಾಗಿ, ಮದುಮಗಳು ಗೋಡೆಯೊಳಗೆ ಸೇರಿಹೋಗುತ್ತಾಳೆ. ಮುಖವನ್ನು ಹಿನ್ನೆಲೆಯಿಂದ ಬೇರ್ಪಡಿಸಲೆಂದೇ ಹುಟ್ಟಿದ ಉಪಾಯ ಇಲ್ಲಿ ಉಲ್ಟಾ ಹೊಡೆಯುತ್ತದೆ.

ತನ್ನದೇ ಒಂದು ಶೈಲಿ ಬೇಕು ಎನ್ನುವವರು ಆ್ಯಪ್ ತೆರೆಯುವ ಮುಂಚೆ ತಾವು ನಿಂತ ನೆಲವನ್ನು ನೋಡುವುದು ಒಳ್ಳೆಯದು. ಚಿದ್ರಿಯ ಕಡೆಯಿಂದ ಹೊರಟರೆ ಒಂದು ದಿನದಲ್ಲಿ ಎರಡು ಬೇರೆ ಬೇರೆ ನೆಲ ನೋಡಬಹುದು. ಬೀದರ ನಗರ, ಅದಕ್ಕೆ ಹೊಂದಿಕೊಂಡ ಚಿದ್ರಿ, ಕೋಟೆ ಎಲ್ಲ ಕೆಂಪು ನೆಲದ ಮೇಲೆ ಇವೆ. ಲಕ್ಷಾಂತರ ವರ್ಷಗಳ ಮಳೆ ಸಿಲಿಕಾವನ್ನು ತೊಳೆದು ಹಾಕಿ, ಕಬ್ಬಿಣದ ಆಕ್ಸೈಡನ್ನು ಉಳಿಸಿದ ಲ್ಯಾಟರೈಟ್ ಅದು. ಕೋಟೆಯ ಮೂರು ಸುತ್ತಿನ ಕಂದಕವನ್ನು ಇದೇ ಬಂಡೆಯಲ್ಲಿ ಕಡಿದಿದ್ದಾರೆ. ಭಾಲ್ಕಿ, ಔರಾದ ಕಡೆಗೆ ಹೊರಳಿದರೆ ಕರಿ ಮಣ್ಣು, ಬಸಾಲ್ಟ್ ಸವೆದು ಆದ ಎರೆ ಭೂಮಿ, ಅದರ ಮೇಲೆ ತೊಗರಿ, ಜೋಳ, ಕಡಲೆ.

ಕ್ಯಾಮೆರಾ ಈ ಎರಡೂ ನೆಲದ ಮೇಲೆ ಎಡವುತ್ತದೆ, ಎರಡು ಬಗೆಯಲ್ಲಿ. ಕೆಂಪು ನೆಲದ ಮೇಲೆ ಎಡವುವುದು ಬಣ್ಣದಲ್ಲಿ. ಫೋನಿನ ಆಟೊ ವೈಟ್ ಬ್ಯಾಲೆನ್ಸ್ ಚೌಕಟ್ಟಿನ ತುಂಬ ಕೆಂಪು ಕಂಡರೆ, ಬೆಳಕೇ ಕೆಂಪಾಗಿದೆ ಎಂದು ತಿಳಿದು ನೀಲಿ ಕೂಡಿಸುತ್ತದೆ. ಆಗ ಕೋಟೆಯ ಗೋಡೆ ಮಂಕು ಕಂದಾಗುತ್ತದೆ. ಅದನ್ನು ಸರಿಪಡಿಸಲು ಹೋದವರು ಕೆಂಪನ್ನು ಹೆಚ್ಚಿಸುತ್ತಾರೆ, ಹೆಚ್ಚಿಸಿದ ಕೆಂಪು ಕಿತ್ತಳೆಗೆ ಜಾರುತ್ತದೆ. ಇಷ್ಟೆಲ್ಲ ಆಗುವ ಮುಂಚೆಯೇ ವೈಟ್ ಬ್ಯಾಲೆನ್ಸನ್ನು ಆಟೊದಿಂದ ತೆಗೆದು ಹಗಲು ಬೆಳಕಿಗೆ, ಅಂದರೆ ಸುಮಾರು 5500 ಕೆಲ್ವಿನ್‌ಗೆ ಕಟ್ಟಿಹಾಕಿದರೆ ಅರ್ಧ ಕೆಲಸ ಮುಗಿಯಿತು. ಉಳಿಯುವುದು ನೆಲದಿಂದ ಪುಟಿದೇಳುವ ಕೆಂಪು ಬೆಳಕು. ಬಿಸಿಲಿನಲ್ಲಿ ನಿಂತವರ ಬಿಳಿ ಅಂಗಿಯ ಕೆಳಭಾಗ, ಗದ್ದದ ಅಡಿ, ಮೂಗಿನ ಕೆಳಗೆ ನಸುಗೆಂಪು ಕೂತಿರುತ್ತದೆ. ಇದನ್ನು ತೊಳೆದುಹಾಕಬೇಕೋ ಬಿಡಬೇಕೋ? ನಾನು ಬಿಡಿ ಎನ್ನುತ್ತೇನೆ. ಆ ನಸುಗೆಂಪು ಬೀದರಿನ ಬೆಳಕಿನದೇ ಭಾಗ, ಅದನ್ನು ತೆಗೆದರೆ ಅದೇ ಅಂಗಿ ಯಾವ ಊರಿನದೂ ಆಗಬಹುದು.

ಕರಿ ಮಣ್ಣಿನ ಮೇಲೆ ಎಡವುವುದು ಬೆಳಕಿನ ಅಳತೆಯಲ್ಲಿ. ಕ್ಯಾಮೆರಾದ ಮೀಟರು ತನ್ನ ಮುಂದಿರುವುದೆಲ್ಲ ಸರಾಸರಿಯಲ್ಲಿ ನಡುಬೂದು ಎಂದು ನಂಬಿಕೊಂಡಿರುತ್ತದೆ. ಚೌಕಟ್ಟಿನ ಮುಕ್ಕಾಲು ಪಾಲು ಎರೆ ಹೊಲವಿದ್ದರೆ ಅದನ್ನೂ ಬೂದು ಮಾಡಲು ಬೆಳಕನ್ನು ಜಾಸ್ತಿ ಬಿಟ್ಟುಕೊಳ್ಳುತ್ತದೆ. ಹೊಲ ಬೂದಿಯ ಬಣ್ಣಕ್ಕೆ ಬರುತ್ತದೆ, ಅದರ ನಡುವೆ ನಿಂತವರ ಮುಖ ಸುಣ್ಣ ಬಳಿದಂತಾಗುತ್ತದೆ. ಎಳ್ಳ ಅಮಾವಾಸ್ಯೆಯ ಫೋಟೊಗಳಲ್ಲಿ ಇದನ್ನು ಪ್ರತಿವರ್ಷ ಕಾಣಬಹುದು. ಜೋಳದ ದಂಟಿನ ಕೊಂಪೆ, ಅದರೊಳಗೆ ಪೂಜೆಗಿಟ್ಟ ಐದು ಕಲ್ಲು, ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ, ಸುತ್ತ ಕೂತ ನೆಂಟರು. ಎಲ್ಲವೂ ನಡುಮಧ್ಯಾಹ್ನದ ಬಿಸಿಲಿನಲ್ಲಿ. ಹಬ್ಬವೇ ಮಧ್ಯಾಹ್ನದ್ದು, ಛಾಯಾಗ್ರಹಣದ ಪಾಠದವರು ಹೇಳುವ ಸಂಜೆಯ ಚಿನ್ನದ ಬೆಳಕಿಗೆ ಕಾದು ಕೂತರೆ ಬುತ್ತಿಯೇ ಖಾಲಿ. ಇಂಥಲ್ಲಿ ಫೋಟೊ ತೆಗೆಯುವಾಗಲೇ ಎಕ್ಸ್‌ಪೋಶರನ್ನು ಒಂದು ಹಂತ ಇಳಿಸಬೇಕು. ಫೋನಿನಲ್ಲಾದರೆ ಪರದೆಯನ್ನು ಒತ್ತಿ ಹಿಡಿದು ಸೂರ್ಯನ ಗುರುತನ್ನು ಕೆಳಗೆ ಎಳೆದರೆ ಆಯಿತು. ನೆಲ ಕಪ್ಪಾಗಿ ಉಳಿಯುತ್ತದೆ, ಜೋಳದ ಹಸಿರು ತಾನಾಗಿಯೇ ಏಳುತ್ತದೆ.

ಇಲ್ಲಿಗೆ ಮುಖ್ಯ ಮಾತು ಬಂತು. ಶೈಲಿ ಎಂದರೆ ಜನ ಬಣ್ಣ ಎಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಮೊದಲು ಬರುವುದು ಕಪ್ಪು. ನಿಮ್ಮ ಚಿತ್ರದಲ್ಲಿ ಅತಿ ಕಪ್ಪು ಜಾಗ ಎಷ್ಟು ಕಪ್ಪಗಿರಬೇಕು, ಅದರೊಳಗೆ ಏನಾದರೂ ಕಾಣಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಿದವರಿಗೆ ಉಳಿದದ್ದೆಲ್ಲ ಸುಲಭವಾಗುತ್ತದೆ. ಈ ವಿಷಯದಲ್ಲಿ ಬೀದರಿನವರು ಪಾಠ ಹುಡುಕಿಕೊಂಡು ಯೂಟ್ಯೂಬಿಗೆ ಹೋಗಬೇಕಿಲ್ಲ, ಬಿದ್ರಿ ಕೆಲಸದವರ ಅಂಗಡಿಗೆ ಹೋದರೆ ಸಾಕು.

ಬಿದ್ರಿ ಪಾತ್ರೆ ಸತುವೂ ಸ್ವಲ್ಪ ತಾಮ್ರವೂ ಬೆರೆತ ಲೋಹ. ಎರಕ ಹೊಯ್ದು, ಅರದಿಂದ ತೀಡಿ ನುಣುಪು ಮಾಡಿದಾಗ ಅದು ತವರದ ಬಣ್ಣಕ್ಕಿರುತ್ತದೆ. ಅದರ ಮೇಲೆ ಮೊದಲು ಮೈಲುತುತ್ತದ ನೀರು ಬಳಿದು ಕಪ್ಪು ಮಾಡುತ್ತಾರೆ. ಆ ಕಪ್ಪು ತಾತ್ಕಾಲಿಕ. ಉಳಿಯಿಂದ ಕೊರೆಯುವ ಗೆರೆ ಕಣ್ಣಿಗೆ ಕಾಣಲಿ ಎಂದಷ್ಟೇ. ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿ ಕೂರಿಸಿ, ಬಡಿದು, ಉಜ್ಜಿ ಹೊಳಪು ಕೊಟ್ಟಾಗ ಆ ಕಪ್ಪು ಪೂರ್ತಿ ಹೋಗಿ ಬೆಳ್ಳಿಯೂ ಲೋಹವೂ ಒಂದೇ ಬಣ್ಣಕ್ಕೆ ಬಂದು ಚಿತ್ತಾರವೇ ಮಾಯವಾಗುತ್ತದೆ. ಕಟ್ಟಕಡೆಗೆ ಪಾತ್ರೆಯನ್ನು ಕಾಯಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಕಲೆಸಿದ ಲೇಪವನ್ನು ಹಚ್ಚುತ್ತಾರೆ. ಲೋಹ ಅಚ್ಚ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಆ ಮೇಲೆ ಎಣ್ಣೆ ಸವರಿದರೆ ಕಪ್ಪು ಇನ್ನೂ ಆಳಕ್ಕೆ ಇಳಿಯುತ್ತದೆ. ಕೊನೆಗೆ ಎಂಥ ಕಪ್ಪು ಬರಬೇಕೆಂದು ಕೆಲಸಗಾರನಿಗೆ ಎರಕದ ದಿನವೇ ಗೊತ್ತು, ಆದರೆ ಅದನ್ನು ಹಚ್ಚುವುದು ಎಲ್ಲಕ್ಕಿಂತ ಕೊನೆಗೆ. ಎಡಿಟಿಂಗಿನಲ್ಲೂ ಅನುಕ್ರಮ ಇದೇ ಇರಲಿ. ಆರಂಭದಲ್ಲಿ ಕಾಂಟ್ರಾಸ್ಟ್ ಏರಿಸುವುದು ಚಿತ್ರದಲ್ಲಿ ಏನಿದೆ ಎಂದು ಕಾಣಲು ಮಾತ್ರ. ಬೆಳಕು, ವೈಟ್ ಬ್ಯಾಲೆನ್ಸ್, ಒಂದೊಂದೇ ಬಣ್ಣ ಸರಿಯಾದ ಮೇಲೆ ಆ ಕಾಂಟ್ರಾಸ್ಟನ್ನು ತೆಗೆದುಹಾಕಿ, ಕರ್ವಿನ ಎಡಮೂಲೆಯಲ್ಲಿ ನಿಜವಾದ ಕಪ್ಪನ್ನು ಕೂರಿಸಬೇಕು.

ಆ ಎಡಮೂಲೆಯ ಚುಕ್ಕೆಯನ್ನು ಸ್ವಲ್ಪ ಮೇಲೆತ್ತಿದರೆ ಕಪ್ಪೆಲ್ಲ ಬೂದಿಗೆ ತಿರುಗಿ ಹಳೆಯ ಫೋಟೊದ ಮಾಸಲು ನೋಟ ಬರುತ್ತದೆ. 2010ರಲ್ಲಿ ಇನ್‌ಸ್ಟಾಗ್ರಾಂ ಬಂದ ಮೇಲೆ ಈ ಮಾಸಲು ಫ್ಯಾಷನ್ ಊರೂರಿಗೆ ಹಬ್ಬಿತು. ಮಳೆಯ ದಿನದ ಬೀದಿಗೆ, ಹಳೆಯ ಮನೆಯ ಪಡಸಾಲೆಗೆ ಅದು ಒಪ್ಪಬಹುದು. ಬಿದ್ರಿ ಹೂಜಿಗೆ ಹಚ್ಚಿದರೆ ಅದು ಬಿದ್ರಿಯಾಗಿಯೇ ಉಳಿಯುವುದಿಲ್ಲ, ಧೂಳು ಕೂತ ಸೀಸದ ಪಾತ್ರೆ. ಬಿದ್ರಿಗೆ ಭೌಗೋಳಿಕ ಗುರುತು ಸಿಕ್ಕಿದ್ದು 2006ರಲ್ಲಿ, ಬೀದರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದದ್ದು 2023ರಲ್ಲಿ. ಈಗ ಈ ಪಾತ್ರೆಗಳನ್ನು ದೂರದೂರಿನವರು ಫೋನಿನಲ್ಲಿ ಫೋಟೊ ನೋಡಿಯೇ ಕೊಳ್ಳುತ್ತಾರೆ. ಮೀಟರಿನ ಅದೇ ಹಳೆಯ ತಪ್ಪಿನಿಂದ ಅಂಗಡಿಯವರ ಫೋಟೊಗಳಲ್ಲಿ ಕಪ್ಪು ಬೂದಾಗಿ, ಬೆಳ್ಳಿ ಉರಿದು ಬಿಳಿ ಕಲೆಯಾಗಿ ಕಾಣುವುದನ್ನು ನೋಡಿದರೆ ಸಂಕಟವಾಗುತ್ತದೆ. ಕಿಟಕಿಯ ಪಕ್ಕದ ಬೆಳಕು, ಪಾತ್ರೆಯ ಎದುರು ಒಂದು ಬಿಳಿ ಡ್ರಾಯಿಂಗ್ ಹಾಳೆ, ಎಕ್ಸ್‌ಪೋಶರ್ ಒಂದೂವರೆ ಹಂತ ಕೆಳಗೆ. ಇಷ್ಟು ಮಾಡಿದರೆ ಎಡಿಟಿಂಗಿಗೆ ಉಳಿಯುವ ಕೆಲಸ ಬಹಳ ಕಡಿಮೆ.

ಫೋನುಗಳು ಈ ವಿಷಯದಲ್ಲಿ ನಮ್ಮ ಪಕ್ಷದಲ್ಲಿಲ್ಲ. ನಾವು ಒಮ್ಮೆ ಒತ್ತಿದರೆ ಅವು ಹಲವು ಚಿತ್ರ ತೆಗೆದು ಕಲೆಸಿ, ನೆರಳನ್ನೆಲ್ಲ ಎತ್ತಿ ಬೆಳಗಿಸಿ ಕೊಡುತ್ತವೆ. ಬೀದರಿನ ಹೊರಗಿನ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿಯೊಳಗೆ ಹೋಗಿ ನೋಡಿ. ಗುಮ್ಮಟದ ಒಳಗೋಡೆಯ ಮೇಲಿನ ಬಣ್ಣದ ಚಿತ್ತಾರ, ಚಿನ್ನದ ಬರಹ ಬಾಗಿಲಿನಿಂದ ಬಂದ ಬೆಳಕಿನಲ್ಲಿ ನಿಧಾನವಾಗಿ ಕಣ್ಣಿಗೆ ಹತ್ತುತ್ತವೆ. ಫೋನು ಅದೇ ಕೋಣೆಯನ್ನು ಟ್ಯೂಬ್‌ಲೈಟ್ ಹಾಕಿದಂತೆ ತೋರಿಸುತ್ತದೆ. ಅಲ್ಲಿ ನೆರಳನ್ನು ಕೆಳಕ್ಕೆ ಇಳಿಸಿ, ಕತ್ತಲಿಗೆ ಅದರ ಪಾಲು ಹಿಂದಿರುಗಿಸುವುದೇ ಎಡಿಟಿಂಗ್. ಕೋಟೆಯೊಳಗಿನ ರಂಗೀನ್ ಮಹಲಿನಲ್ಲೂ ಹೀಗೆಯೇ. ಕರಿ ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು ಹೊಳೆಯುವುದು ಕಲ್ಲು ಕಪ್ಪಾಗಿದ್ದರೆ ಮಾತ್ರ.

ಬಣ್ಣದ ವಿಷಯಕ್ಕೆ ಬಂದರೆ, ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ ಯಾವ ಪ್ರಿಸೆಟ್ಟಿಗೂ ಒಳ್ಳೆಯ ಪರೀಕ್ಷೆ. 1472ರ ಈ ಕಟ್ಟಡದ ಮುಂಭಾಗದಲ್ಲಿ, ಉಳಿದ ಒಂದು ಮಿನಾರಿನ ಮೇಲೆ ಹೆಂಚುಗಳು ಇನ್ನೂ ಇವೆ. ಅವುಗಳಲ್ಲಿ ಕಡುನೀಲಿ ಬೇರೆ, ತಿಳಿನೀಲಿ ಬೇರೆ, ಹಸಿರು ಬೇರೆ, ನಡುವೆ ಹಳದಿ, ಬಿಳಿ. ನೀಲಿಗಳನ್ನೆಲ್ಲ ಹಸಿರುನೀಲಿಗೆ ಎಳೆಯುವ ಪ್ರಿಸೆಟ್ ಹಾಕಿದ ಕೂಡಲೇ ಎರಡು ನೀಲಿಗಳೂ ಹಸಿರೂ ಒಂದೇ ಬಣ್ಣವಾಗುತ್ತವೆ. ಕಟ್ಟಿದವರು ಬೇರೆ ಬೇರೆಯಾಗಿ ಸುಟ್ಟು ತಂದ ಬಣ್ಣಗಳನ್ನು ನಾವು ಒಂದು ಬೆರಳಿನಿಂದ ಒರೆಸಿದ ಹಾಗೆ. ಕಟ್ಟಡದ ಮುಖ ಪೂರ್ವಕ್ಕಿದೆ, ಬೆಳಗಿನಲ್ಲಿ ಹೋದರೆ ಬಿಸಿಲು ನೇರ ಹೆಂಚಿನ ಮೇಲೆ ಬೀಳುತ್ತದೆ, ಆಗ ಬಣ್ಣ ಹೆಚ್ಚಿಸುವ ಅಗತ್ಯವೇ ಇರುವುದಿಲ್ಲ. ಆಕಾಶದ ಬಗ್ಗೆಯೂ ಒಂದು ಮಾತು. ಮೇ ತಿಂಗಳಲ್ಲಿ ಬೀದರಿನ ಆಕಾಶ ನೀಲಿ ಅಲ್ಲ, ಕಾದು ಬೆಳ್ಳಗಾದದ್ದು. ಅದನ್ನು ನೀಲಿ ಮಾಡಿದರೆ ಬೇಸಿಗೆಯೇ ಫೋಟೊದಿಂದ ಹೊರಟುಹೋಗುತ್ತದೆ. ಚಿದ್ರಿಯ ಹುಡುಗರು ಮನೆಯ ಮಾಳಿಗೆಯಿಂದ ವಾಯುಪಡೆಯ ಸೂರ್ಯಕಿರಣ ತಂಡದ ಕೆಂಪು–ಬಿಳಿ ಹಾಕ್ ವಿಮಾನಗಳನ್ನು ತೆಗೆಯುವಾಗಲೂ ಅಷ್ಟೇ, ಬೆಳ್ಳನೆಯ ಆಕಾಶದ ಮೇಲೆ ಆ ಕೆಂಪು ಇನ್ನೂ ಚೆನ್ನ. (ವಾಯುನೆಲೆಯ ಬೇಲಿಯ ಹತ್ತಿರ ಮಾತ್ರ ಕ್ಯಾಮೆರಾ ಹೊರತೆಗೆಯಬೇಡಿ. ಅಲ್ಲಿ ಪ್ರಶ್ನೆ ಶೈಲಿಯದ್ದಾಗಿರುವುದಿಲ್ಲ.)

ಇನ್ನು ಮುಖದ ಬಣ್ಣ. ಈ ಭಾಗದ ಯಾವ ಸ್ಟುಡಿಯೊದಲ್ಲಿ ಕೂತರೂ ಒಂದು ಮಾತು ಕಿವಿಗೆ ಬೀಳುತ್ತದೆ: ‘ಅಣ್ಣಾ, ಹುಡುಗಿ ಜರ ಬೆಳ್ಳಗ ಮಾಡ್ರಿ.’ ಕೇಳುವವರು ಮನೆಯ ಹಿರಿಯರು, ಕೊಡುವವರು ಹೊಟ್ಟೆಪಾಡಿನವರು. ಇಬ್ಬರ ಮೇಲೂ ಸಿಟ್ಟು ಮಾಡಿ ಉಪಯೋಗವಿಲ್ಲ. ಟಚಿಂಗ್ ನಿನ್ನೆ ಮೊನ್ನೆಯದೂ ಅಲ್ಲ. ಫಿಲ್ಮಿನ ಕಾಲದಲ್ಲಿ ನೆಗೆಟಿವಿನ ಮೇಲೆ ಸೀಸದ ಕಡ್ಡಿಯಿಂದ ತೀಡಿ ಮೊಡವೆ ಅಳಿಸುತ್ತಿದ್ದರು, ಕಪ್ಪುಬಿಳುಪು ಪ್ರಿಂಟಿಗೆ ಕೈಯಿಂದ ಬಣ್ಣ ಹಾಕಿ ಸೀರೆಗೆ ಕೆಂಪು ತುಂಬುತ್ತಿದ್ದರು. ಆದರೆ ಅಂದಿನ ಕೆಲಸಗಾರ ಒಂದೊಂದು ಮುಖಕ್ಕೂ ಬೇರೆಯಾಗಿ ಕೂತು ಮಾಡಬೇಕಿತ್ತು. ಈಗ ಕಿತ್ತಳೆಯ ಬೆಳಕು ಏರಿಸುವ ಒಂದೇ ಸ್ಲೈಡರು ಇಡೀ ಆಲ್ಬಮ್ಮಿನ ಮುಖಗಳನ್ನು ಬಿಳಿಚುತ್ತದೆ. ಜೊತೆಗೆ ಕೋಟೆಯ ಕಲ್ಲೂ ಪೀಚು ಬಣ್ಣಕ್ಕೆ ತಿರುಗುತ್ತದೆ, ಏಕೆಂದರೆ ಮೊದಲೇ ಹೇಳಿದಂತೆ ಎರಡೂ ಒಂದೇ ಪಟ್ಟಿಯವು. ಲೈಟ್‌ರೂಮಿನಂಥ ತಂತ್ರಾಂಶಗಳಲ್ಲಿ ಈಗ ವ್ಯಕ್ತಿಯನ್ನು ಮಾತ್ರ ಬೇರೆಯಾಗಿ ಆರಿಸುವ ಮಾಸ್ಕ್ ಬಂದಿದೆ. ಅದರಿಂದ ಮುಖದ ಮೇಲಿನ ನೆರಳನ್ನು ಸ್ವಲ್ಪ ಎತ್ತಿ, ಅಷ್ಟಕ್ಕೆ ನಿಲ್ಲಿಸಿ. ಬೆಳಕು ಕೊಡುವುದು ಬೇರೆ, ಬಣ್ಣ ಬದಲಿಸುವುದು ಬೇರೆ. ಕಪ್ಪು ಹುಡುಗಿಯನ್ನು ಕಪ್ಪಾಗಿಯೇ ಚೆಂದ ತೋರಿಸಬಲ್ಲ ಒಬ್ಬ ಛಾಯಾಗ್ರಾಹಕ ಒಂದು ತಾಲೂಕಿಗೆ ಸಾಕು, ಆತನ ಶೈಲಿಯನ್ನು ಜನ ಬೇರೆ ಯಾವ ಗುರುತೂ ಇಲ್ಲದೆ ಗುರುತಿಸುತ್ತಾರೆ.

ಗುರುತಿಸುವಂತೆ ಕೆಲಸ ಮಾಡಿದವರು ನಮ್ಮಲ್ಲಿ ಇದ್ದರು. ಮೈಸೂರಿನ ಟಿ.ಎಸ್. ಸತ್ಯನ್ ಜನಸಾಮಾನ್ಯರ ದಿನನಿತ್ಯದ ಬದುಕನ್ನೇ ಆಯ್ದುಕೊಂಡು ದಶಕಗಳ ಕಾಲ ತೆಗೆದರು, 1977ರಲ್ಲಿ ಪದ್ಮಶ್ರೀ ಪಡೆದರು. ಸಂಡೂರಿನ ಎಂ.ವೈ. ಘೋರ್ಪಡೆ ರಾಜಮನೆತನದವರು, ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು. ಕಾಡುಪ್ರಾಣಿಗಳನ್ನು ಕಪ್ಪುಬಿಳುಪಿನಲ್ಲಿ ತೆಗೆದು ಹೆಸರಾದರು. 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ಮೈಸೂರಿನವರೇ ಆದ ವಿ.ಕೆ. ಮೂರ್ತಿ ಕನ್ನಡಿಗಳಿಂದ ಸೂರ್ಯನ ಬೆಳಕನ್ನು ಸ್ಟುಡಿಯೊದೊಳಗೆ ತಂದು, ಕತ್ತಲನ್ನು ಸೀಳುವ ಒಂದು ಕೋಲು ಬೆಳಕನ್ನು ಕೆಡವಿದರು. ಮುಂದೆ 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದಾಗ ಆ ಗೌರವಕ್ಕೆ ಪಾತ್ರರಾದ ಮೊದಲ ಛಾಯಾಗ್ರಾಹಕ ಅವರೇ. ಮೂವರಲ್ಲಿ ಯಾರೂ ಎಲ್ಲವನ್ನೂ ಮಾಡಲು ಹೋಗಲಿಲ್ಲ. ಒಬ್ಬೊಬ್ಬರೂ ಒಂದನ್ನು ಹಿಡಿದರು, ಉಳಿದದ್ದನ್ನು ಬಿಟ್ಟರು. ಮೂರ್ತಿಯವರ ಆ ಬೆಳಕಿನ ಕೋಲು ತೆಗೆಯುವಾಗಲೇ ಅಲ್ಲಿತ್ತು ಎಂಬುದನ್ನೂ ನೆನಪಿಡಬೇಕು. ಇಲ್ಲದ ಬೆಳಕನ್ನು ಸ್ಲೈಡರು ಹುಟ್ಟಿಸಲಾರದು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ದುಬಾರಿ ತಂತ್ರಾಂಶ ಬೇಡ. ಫೋನಿನವರಿಗೆ ಸ್ನ್ಯಾಪ್‌ಸೀಡ್, ಕಂಪ್ಯೂಟರಿನವರಿಗೆ ಡಾರ್ಕ್‌ಟೇಬಲ್, ಎರಡೂ ಉಚಿತ. ಸಾಧ್ಯವಿದ್ದರೆ ರಾ ಕಡತದಲ್ಲಿ ತೆಗೆಯಿರಿ. ಜೆಪೆಗ್ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಇಟ್ಟುಕೊಂಡರೆ 12 ಬಿಟ್ಟಿನ ರಾ 4096 ಮೆಟ್ಟಿಲು ಇಟ್ಟುಕೊಂಡಿರುತ್ತದೆ, ಎರೆ ಮಣ್ಣಿನ ನೆರಳನ್ನು ಎಳೆದಾಡಿದಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ನಿಮಗೆ ಇಷ್ಟವಾದ ನಿಮ್ಮದೇ ಹಳೆಯ ಫೋಟೊಗಳನ್ನು ಒಂದೆಡೆ ಹರಡಿ, ಅವುಗಳಲ್ಲಿ ಪದೇ ಪದೇ ಬರುವುದು ಏನೆಂದು ನೋಡಿ. ಕೆಲವರಿಗೆ ನೆರಳು ಇಷ್ಟ, ಕೆಲವರಿಗೆ ತುಂಬಿದ ಬಣ್ಣ, ಕೆಲವರಿಗೆ ಖಾಲಿ ಜಾಗ. ಅದು ಗೊತ್ತಾದ ಮೇಲೆ ಒಂದೇ ಜಾಗವನ್ನು ಬೆಳಗ್ಗೆ, ಮಧ್ಯಾಹ್ನ, ಮೋಡ ಕವಿದಾಗ ತೆಗೆದು, ಎಲ್ಲವೂ ಒಬ್ಬರದೇ ಕೈಕೆಲಸ ಎನಿಸುವ ತನಕ ತಿದ್ದಿ. ಕಷ್ಟದ ಪಾಠ ಇದೇ. ಒಂದು ಫೋಟೊವನ್ನು ಚೆಂದ ಮಾಡುವುದು ಯಾರಿಗೂ ಸಾಧ್ಯ. ಬೇರೆ ಬೇರೆ ಬೆಳಕಿನ ಹತ್ತು ಫೋಟೊಗಳು ಒಟ್ಟಿಗೆ ಕೂರುವಂತೆ ಮಾಡಬೇಕಾದರೆ ನಿಮ್ಮ ಕಪ್ಪು ಎಷ್ಟು, ನಿಮ್ಮ ಕೆಂಪು ಯಾವುದು ಎಂಬುದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಉತ್ತರ ಸಿಕ್ಕ ಮೇಲೆ ಅದನ್ನು ನಿಮ್ಮದೇ ಪ್ರಿಸೆಟ್ಟಾಗಿ ಉಳಿಸಿಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ.

ಪರದೆಯನ್ನು ನಂಬಬೇಡಿ. ಫೋನುಗಳ ವಿವಿಡ್ ಮೋಡ್ ಬಣ್ಣವನ್ನು ತಾನೇ ಏರಿಸಿ ತೋರಿಸುತ್ತದೆ, ರಾತ್ರಿ ಕಣ್ಣಿಗೆ ಹಿತವೆಂದು ಹಾಕಿಕೊಂಡ ಹಳದಿ ಪರದೆಯ ಮೇಲೆ ತಿದ್ದಿದ ಫೋಟೊ ಬೆಳಗ್ಗೆ ನೀಲಿಯಾಗಿ ಕಾಣುತ್ತದೆ. ಎರಡನ್ನೂ ಬಂದ್ ಮಾಡಿ, ತಿದ್ದಿದ್ದನ್ನು ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ, ಆಗಾಗ ಒಂದೆರಡನ್ನು ನಾಲ್ಕು–ಆರು ಇಂಚಿನ ಪ್ರಿಂಟ್ ಹಾಕಿಸಿ. ಕಾಗದದ ಮೇಲೆ ಹೊರಬಂದ ಕಪ್ಪು ನಿಮ್ಮ ತೀರ್ಮಾನ ಸರಿಯೋ ತಪ್ಪೋ ಹೇಳುತ್ತದೆ.

ಶೈಲಿಗೆ ಗಡಿಯೂ ಇದೆ. 2016ರಲ್ಲಿ ಸ್ಟೀವ್ ಮೆಕರಿಯಂಥ ಜಗತ್ಪ್ರಸಿದ್ಧರ ಚಿತ್ರಗಳಲ್ಲೇ ವಸ್ತುಗಳನ್ನು ಸರಿಸಿದ್ದು, ಅಳಿಸಿದ್ದು ಬೆಳಕಿಗೆ ಬಂದು ದೊಡ್ಡ ಚರ್ಚೆಯಾಯಿತು. ಮದುವೆಯ ಆಲ್ಬಮ್ಮಿನಲ್ಲಿ ಕರೆಂಟಿನ ತಂತಿ ಅಳಿಸಿದರೆ ಯಾರೂ ಕೇಳುವುದಿಲ್ಲ. ಮದರಸಾದ ಫೋಟೊದಲ್ಲಿ ಬಿದ್ದ ಹೆಂಚಿನ ಜಾಗವನ್ನು ಎಐನಿಂದ ತುಂಬಿ ಇಡೀ ಮಾಡಿದರೆ ಅದು ಸುಳ್ಳು ದಾಖಲೆ. ಪುರಾತತ್ವಜ್ಞ ಗುಲಾಮ್ ಯಜ್ದಾನಿಯವರು ಬೀದರಿನ ಸ್ಮಾರಕಗಳ ಬಗ್ಗೆ ಬರೆದ ದೊಡ್ಡ ಪುಸ್ತಕ ಬಂದದ್ದು 1947ರಲ್ಲಿ. ಆಗಿನ ಬೀದರ ಹೇಗಿತ್ತೆಂದು ತಿಳಿಯಬೇಕಾದವರು ಇಂದಿಗೂ ಅದರ ಚಿತ್ರಪುಟಗಳನ್ನೇ ತೆರೆಯುತ್ತಾರೆ. ನೀವು ಈ ವರ್ಷ ತೆಗೆದ ಕೋಟೆ, ಗೋರಿ, ಎಳ್ಳ ಅಮಾವಾಸ್ಯೆಯ ಹೊಲ ಮುಂದೆ ಯಾರಿಗೆ ಬೇಕಾಗುತ್ತದೋ ಹೇಳಲಾಗದು. ಹಾಗಾಗಿ ಎಷ್ಟು ಬೇಕಾದರೂ ತಿದ್ದಿ, ಆದರೆ ತಿದ್ದಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ. ಮೂಲ ಕಡತವನ್ನು ಅಳಿಸಬೇಡಿ, ಅದಕ್ಕೆ ಜಾಗ ಮತ್ತು ದಿನಾಂಕ ಬರೆದು ಫೋನಿನಿಂದ ಹೊರಗೆ ಇನ್ನೊಂದು ಕಡೆ ಒಂದು ಪ್ರತಿ ಇಟ್ಟುಕೊಳ್ಳಿ.